ರಿಹರ್ಸಲ್ ಅಂದರೆ ಮತ್ತೊಮ್ಮೆ ಕುಂಟೆ ಹೊಡೆಯೋದು

ಕ್ಲೈಂಟ್ ಕಾಲ್‌ಗೆ ಮೊದಲು ಡ್ರೈ ರನ್. ಪ್ರೆಸೆಂಟೇಷನ್‌ಗೆ ಮೊದಲು ರಿಹರ್ಸಲ್. ಕೆಲಸ ಬದಲಾಯಿಸೋ ಮೊದಲು ಮಾಕ್ ಇಂಟರ್‌ವ್ಯೂ. ಅಪ್ರೈಸಲ್ ಮೀಟಿಂಗಿನ ಹಿಂದಿನ ರಾತ್ರಿ ಮ್ಯಾನೇಜರ್ ಏನು ಕೇಳಬಹುದು, ನಾವು ಏನು ಹೇಳಬೇಕು ಅಂತ ದಿಂಬಿಗೆ ತಲೆ ಕೊಟ್ಟು ಮನಸ್ಸಲ್ಲೇ ಒಂದು ಇಡೀ ನಾಟಕ. ನಮ್ಮ ತಲೆಮಾರಿನ ಕೆಲಸದವರು ಬದುಕುವುದಕ್ಕಿಂತ ಜಾಸ್ತಿ ಹೊತ್ತು ರಿಹರ್ಸಲ್ ಮಾಡ್ತಾ ಇರ್ತೀವೇನೋ ಅನ್ನಿಸುತ್ತೆ. ಹಾಗಾಗಿ ಈ ಪದ ಎಲ್ಲಿಂದ ಬಂತು ಅಂತ ಒಂದು ಸಲ ನೋಡೋಣ. ಇದರ ಬೇರು ಹುಡುಕಿಕೊಂಡು ಹೋದರೆ ಸಿಗೋದು ರಂಗಮಂದಿರ ಅಲ್ಲ, ಹೊಲ.

ಹಳೆಯ ಫ್ರೆಂಚಿನಲ್ಲಿ ‘ಹೆರ್ಸ್’ ಅಂದರೆ ಹೊಲದ ಹೆಂಟೆ ಒಡೆಯೋ ಹಲ್ಲಿನ ಕುಂಟೆ. ಅದನ್ನು ಎಳೆಯೋದು ‘ಹೆರ್ಸಿಯೆ’. ಅದಕ್ಕೆ ‘ಮತ್ತೆ’ ಅನ್ನೋ ಅರ್ಥದ ‘ರಿ’ ಸೇರಿದರೆ ‘ರಿಹೆರ್ಸಿಯೆ’: ಒಂದು ಸಲ ಕುಂಟೆ ಹೊಡೆದ ನೆಲಕ್ಕೆ ಮತ್ತೊಮ್ಮೆ ಕುಂಟೆ ಹೊಡೆಯೋದು. ಈ ಪದ 1300ರ ಸುಮಾರಿಗೆ ಇಂಗ್ಲಿಷಿಗೆ ಬಂದಾಗ ಅದಕ್ಕೆ ಇದ್ದ ಅರ್ಥ, ಹೇಳಿದ್ದನ್ನೇ ಮತ್ತೆ ಹೇಳು ಅಂತ. ನಾಟಕಕ್ಕೆ ಮುಂಚೆ ಮಾಡೋ ಅಭ್ಯಾಸ ಅನ್ನೋ ಅರ್ಥ ಅಂಟಿಕೊಂಡಿದ್ದು 16ನೇ ಶತಮಾನದ ಕೊನೆಯ ಭಾಗದಲ್ಲಿ. 1595ರ ಆಸುಪಾಸಿನಲ್ಲಿ ಶೇಕ್ಸ್‌ಪಿಯರ್ ಬರೆದ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ನೇಕಾರ, ಬಡಗಿ ಇಂಥವರೆಲ್ಲ ಕಾಡಿನಲ್ಲಿ ಸೇರಿ ನಾಟಕ ಕಲಿಯೋ ಹೊತ್ತಿಗೆ ಈ ಪದ ಹೊಲ ಬಿಟ್ಟು ರಂಗಕ್ಕೆ ಬಂದು ನೆಲೆಸಿಯಾಗಿತ್ತು. ಇನ್ನೂ ಹಿಂದಕ್ಕೆ ಹೋದರೆ ಲ್ಯಾಟಿನ್ನಿನ ‘ಹಿರ್ಪೆಕ್ಸ್’ ಸಿಗುತ್ತೆ. ಅದರ ಹಿಂದೆ ಇಟಲಿಯ ಒಂದು ಹಳೆಯ ಭಾಷೆಯಲ್ಲಿ ತೋಳಕ್ಕೆ ಇದ್ದ ಹೆಸರು ಇದೆ ಅಂತ ನಿಘಂಟುಕಾರರು ಊಹಿಸ್ತಾರೆ. ಕುಂಟೆಯ ಹಲ್ಲು ನೋಡಿ ತೋಳದ ಹಲ್ಲು ನೆನಪಾಗಿರಬೇಕು.

ಇದೇ ‘ಹೆರ್ಸ್’ಗೆ ಇಂಗ್ಲಿಷಿನಲ್ಲಿ ಇನ್ನೊಂದು ಮಗು ಇದೆ. ಅದರ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ಕುಂಟೆಯ ಮಾತು ಮುಗಿಸೋಣ, ಯಾಕೆಂದರೆ ನಾನು ಕುಂಟೆಯ ಸೀಮೆಯವನು.

ನಮ್ಮದು ಕಡೂರು, ತರೀಕೆರೆ, ಅಜ್ಜಂಪುರದ ಕಡೆ. ಚಿಕ್ಕಮಗಳೂರು ಜಿಲ್ಲೆ ಅಂದ ತಕ್ಷಣ ಬೆಂಗಳೂರಿನ ಗೆಳೆಯರಿಗೆ ಕಾಫಿ ತೋಟ, ಮುಳ್ಳಯ್ಯನಗಿರಿ, ಹೋಮ್‌ಸ್ಟೇ ಕಣ್ಮುಂದೆ ಬರುತ್ತೆ. ಬಾಬಾಬುಡನ್ ಗಿರಿಯ ಈಚೆ ಮಗ್ಗುಲಲ್ಲಿ ಮಳೆಯ ನೆರಳಲ್ಲಿ ಕೂತ ಬಯಲು ಅವರಿಗೆ ಗೊತ್ತಿರೋದು ರೈಲಿನ ಕಿಟಕಿಯಿಂದ ಮಾತ್ರ. ಬೀರೂರಿನಲ್ಲಿ ರೈಲು ದಾರಿ ಕವಲೊಡೆಯುತ್ತೆ. ಒಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ ಹೋದರೆ ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿ ಕಡೆಗೆ ಹೋಗುತ್ತೆ. ತರೀಕೆರೆ ಕಡೆ ಭದ್ರಾ ನಾಲೆ ಮುಟ್ಟಿದಲ್ಲಿ ಅಡಿಕೆ, ತೆಂಗು, ಹಸಿರು. ಅಜ್ಜಂಪುರ, ಕಡೂರಿನ ಕಡೆ ರಾಗಿ, ಜೋಳ, ಈರುಳ್ಳಿ, ತೆಂಗು, ಮತ್ತೆ ಆಕಾಶ ನೋಡೋ ಕಣ್ಣುಗಳು.

ಈ ನೆಲದಲ್ಲಿ ಕುಂಟೆ ಹೊಡೆಯೋದು ಅಂದರೆ ಏನು ಅಂತ ಪೇಟೆಯಲ್ಲಿ ಬೆಳೆದವರಿಗೆ ಹೇಳಬೇಕು. ನೇಗಿಲು ನೆಲವನ್ನು ಸೀಳುತ್ತೆ, ದೊಡ್ಡ ದೊಡ್ಡ ಹೆಂಟೆ ಏಳುತ್ತೆ. ಆ ಹೆಂಟೆಗಳ ನಡುವೆ ಕಾಳು ಬಿದ್ದರೆ ಬೇರಿಗೆ ಹಿಡಿತ ಸಿಗಲ್ಲ. ಅದಕ್ಕೆ ಅಡ್ಡ ಅಲಗಿನ ಕುಂಟೆ ಬೇಕು, ಹಲ್ಲಿರೋ ಹಲುವೆ ಬೇಕು. ಈಗ ಟ್ರ್ಯಾಕ್ಟರ್ ಹಿಂದೆ ಕಲ್ಟಿವೇಟರ್, ರೋಟವೇಟರ್ ಬಂದಿವೆ, ಆದರೆ ಕೆಲಸ ಅದೇ. ಹೆಂಟೆ ಒಡೆದು, ಕಳೆ ಕಿತ್ತು, ಮೇಲ್ಮಣ್ಣನ್ನು ಪುಡಿ ಮಾಡೋದು. ಕಪ್ಪು ನೆಲದಲ್ಲಿ ಈ ಪುಡಿ ಮಣ್ಣು ಬಿರುಕುಗಳನ್ನು ಮುಚ್ಚಿ ಕೆಳಗಿನ ತೇವ ಆರಿ ಹೋಗದ ಹಾಗೆ ಕಾಯುತ್ತೆ. ಒಂದೇ ಸಲ ಹೊಡೆದರೆ ಸಾಲದು. ಒಂದು ಸಣ್ಣ ಮಳೆ ಬಿದ್ದರೆ ಮತ್ತೆ ಕಳೆ ಏಳುತ್ತೆ, ಮತ್ತೆ ಕುಂಟೆ. ರಾಗಿಯ ವಿಷಯದಲ್ಲಂತೂ ಪೈರು ಬಂದ ಮೇಲೂ ಹಲುವೆ ಹೊಡೀತಾರೆ. ನೋಡಿದವರಿಗೆ ಬೆಳೆ ಹಾಳು ಮಾಡ್ತಿದ್ದಾರೆ ಅನ್ನಿಸುತ್ತೆ. ಆದರೆ ಒತ್ತಾದ ಪೈರು ತೆಳುವಾಗಿ, ಉಳಿದದ್ದು ಬುಡದಲ್ಲಿ ತೆಂಡೆ ಒಡೆದು ತುಂಬಿಕೊಳ್ಳುತ್ತೆ.

ಇಷ್ಟೆಲ್ಲ ಮಾಡಿದ ಮೇಲೆ ನೆಲಕ್ಕೆ ಬರೋ ಸ್ಥಿತಿಗೆ ನಮ್ಮಲ್ಲಿ ಒಂದು ಪದ ಇದೆ: ಹದ. ಉಪ್ಪಿನಕಾಯಿಗೂ ಹದ, ಪಾಕಕ್ಕೂ ಹದ, ಚರ್ಮಕ್ಕೂ ಹದ, ಮಾತಿಗೂ ಹದ. ಹದವಾದ ನೆಲ ಅಂದರೆ ಏನು ಬಿದ್ದರೂ ತೆಗೆದುಕೊಳ್ಳೋಕೆ ತಯಾರಾದ ನೆಲ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ಗಾದೆ ಹೇಳೋ ರೈತ ಭರಣಿ ಮಳೆಯನ್ನು ರಿಹರ್ಸಲ್ ಮಾಡಲ್ಲ. ಮಳೆ ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಬೀಳುತ್ತೆ ಅನ್ನೋ ಚಿತ್ರವನ್ನು ತಲೆಯಲ್ಲಿ ನೂರು ಸಲ ಓಡಿಸಿ ಅದನ್ನೇ ತಯಾರಿ ಅಂದುಕೊಳ್ಳಲ್ಲ. ಅವನು ಕೈ ಹಾಕೋದು ನೆಲಕ್ಕೆ. ಮಳೆ ಅವನದಲ್ಲ, ನೆಲ ಅವನದು. ನಾನು ಕೇಳಬೇಕೆಂದಿರೋ ಪ್ರಶ್ನೆ ಹುಟ್ಟೋದು ಇಲ್ಲೇ. ಮುಂದೆ ಆಗೋದಕ್ಕೆ ನಾವು ಮಾಡಿಕೊಳ್ಳೋ ತಯಾರಿಯಲ್ಲಿ ಎಷ್ಟು ಭಾಗ ನೆಲದ ಕೆಲಸ, ಎಷ್ಟು ಭಾಗ ಮಳೆಯ ಕನಸು? ಮಳೆಯನ್ನು ನಾವೇ ನಿರ್ದೇಶನ ಮಾಡೋಕೆ ಹೊರಟರೆ ಅದು ಬರೀ ವ್ಯರ್ಥವೋ, ಅಥವಾ ಅದರಲ್ಲಿ ಏನೋ ಒಂದು ತಪ್ಪೂ ಇದೆಯೋ?

ಗಾದೆಗಳನ್ನು ಕೇಳಿದರೆ ಅವು ಎರಡೂ ಕಡೆ ಮಾತಾಡ್ತವೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತ ತಡ ಮಾಡಿದವನನ್ನು ಆಡಿಕೊಳ್ತೀವಿ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದರಂತೆ ಅಂತ ಆತುರಪಟ್ಟವನನ್ನೂ ಆಡಿಕೊಳ್ತೀವಿ. ಹಾಗಾದರೆ ಮಾಡೋದೇನು? ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಶಸ್ತ್ರಾಭ್ಯಾಸ ನಮ್ಮ ಕೈಗೆ ಕೊಡೋ ಕಸುವು, ಯುದ್ಧ ಯಾವುದೇ ಬರಲಿ. ಕುಲಾವಿ ಮಾತ್ರ ಇನ್ನೂ ಹುಟ್ಟದ ಕೂಸಿನ ತಲೆಯ ಅಳತೆಯನ್ನು ನಾವೇ ತೀರ್ಮಾನ ಮಾಡಿಬಿಡೋದು. ಮೊದಲನೆಯದು ನೆಲ, ಎರಡನೆಯದು ಮಳೆ. ಗಾದೆಗಳು ಜಗಳ ಆಡ್ತಿಲ್ಲ, ಬೇರೆ ಬೇರೆ ವಿಷಯ ಹೇಳ್ತಿವೆ.

ರಿಹರ್ಸಲ್‌ಗೆ ನಮ್ಮ ಹಳ್ಳಿಗಳಲ್ಲಿ ಇರೋ ಪದ ತಾಲೀಮು. ಇದು ಅರಬ್ಬಿಯ ‘ತಅಲೀಮ್’ನಿಂದ ಬಂದದ್ದು, ಅರ್ಥ ಕಲಿಸೋದು. ಇದರ ಬೇರಿನಲ್ಲಿರೋದು ಅರಿವು. ಫ್ರೆಂಚರ ಪದದಲ್ಲಿ ಮಣ್ಣು, ಅರಬ್ಬರ ಪದದಲ್ಲಿ ಅರಿವು. ನಮ್ಮ ಹಳ್ಳಿಯ ತಾಲೀಮಿನಲ್ಲಿ ಎರಡೂ ಇರ್ತಿತ್ತು. ಸುಗ್ಗಿ ಮುಗಿದ ಮೇಲೆ, ಕೆಲಸ ಕಡಿಮೆ ಇರೋ ತಿಂಗಳುಗಳಲ್ಲಿ, ಊರ ಗುಡಿಯ ಮುಂದೆಯೋ ಶಾಲೆಯ ಜಗಲಿಯಲ್ಲೋ ಪೌರಾಣಿಕ ನಾಟಕದ ತಾಲೀಮು ರಾತ್ರಿ ಹತ್ತರವರೆಗೆ, ಹನ್ನೊಂದರವರೆಗೆ. ಹಗಲು ಕುಂಟೆ ಹಿಡಿದ ಕೈ ರಾತ್ರಿ ಗದೆ ಹಿಡೀತಿತ್ತು. ಹಾರ್ಮೋನಿಯಂ ಮೇಷ್ಟ್ರು ಹೊರಗಿನಿಂದ ಬರ್ತಿದ್ದರು. ನಾನು ಹುಡುಗನಾಗಿದ್ದಾಗ ಕೂತು ನೋಡಿದ ತಾಲೀಮುಗಳಲ್ಲಿ ಮೇಷ್ಟ್ರು ಅತಿ ಹೆಚ್ಚು ಬೈತಿದ್ದದ್ದು ಮಾತು ಮರೆತವರನ್ನಲ್ಲ, ಎದುರಿನವನ ಮಾತು ಮುಗಿಯೋ ಮುಂಚೆ ತನ್ನ ಮಾತು ಶುರು ಮಾಡಿದವರನ್ನು. ‘ನಿಂದು ಆಮೇಲೆ ಕಣಯ್ಯಾ, ಮೊದಲು ಅವನದ್ದು ಕೇಳಿಸ್ಕೋ’ ಅನ್ನೋರು.

ಈ ಬೈಗುಳದಲ್ಲಿ ಒಂದು ನೀತಿಪಾಠವೇ ಇದೆ ಅಂತ ಈಗ ಅನ್ನಿಸುತ್ತೆ. ನಾಟಕದಲ್ಲಿ ಎಲ್ಲರ ಮಾತೂ ಮೊದಲೇ ಬರೆದಿಟ್ಟದ್ದು, ಆದರೂ ಕೇಳಿಸಿಕೊಳ್ಳಬೇಕು. ಜೀವನದಲ್ಲಿ ಎದುರಿನವರ ಮಾತು ಯಾರೂ ಬರೆದಿಟ್ಟಿಲ್ಲ. ಆದರೂ ನಾವು ಏನು ಮಾಡ್ತೀವಿ? ಮ್ಯಾನೇಜರ್ ಜೊತೆ, ಗಂಡನ ಜೊತೆ, ಹೆಂಡತಿ ಜೊತೆ, ಅತ್ತೆ ಜೊತೆ ಆಡಬೇಕಾದ ಕಷ್ಟದ ಮಾತನ್ನು ಮನಸ್ಸಲ್ಲಿ ರಿಹರ್ಸಲ್ ಮಾಡುವಾಗ ಅವರ ಮಾತನ್ನೂ ನಾವೇ ಬರೆದುಬಿಡ್ತೀವಿ. ಅವರು ಹೀಗಂತಾರೆ, ಆಗ ನಾನು ಹಾಗಂತೀನಿ. ಸಾಮಾನ್ಯವಾಗಿ ನಾವು ಅವರಿಗೆ ಕೊಡೋದು ಒಳ್ಳೆ ಸಂಭಾಷಣೆ ಅಲ್ಲ. ಹತ್ತು ಸಲ ಹೀಗೆ ಆಡಿಸಿದ ಮೇಲೆ ನಿಜವಾದ ಮನುಷ್ಯ ಎದುರು ಕೂತಾಗ ಅವರು ಏನಂದರೂ ನಮಗೆ ಕೇಳಿಸೋದು ನಾವು ಬರೆದ ಮಾತೇ. ಅವರು ಬಾಯಿ ತೆರೆಯೋ ಮೊದಲೇ ವಿಚಾರಣೆ ಮುಗಿದು ಶಿಕ್ಷೆಯೂ ಆಗಿರುತ್ತೆ. ಇದನ್ನು ಬರೀ ಚಿಂತೆ ಅಂತ ಬಿಡೋಕಾಗಲ್ಲ, ಇದು ಎದುರಿನವರಿಗೆ ಮಾಡೋ ಒಂದು ಸಣ್ಣ ಅನ್ಯಾಯ. ನನ್ನ ಮನಸ್ಸಿನ ಹೆಂಟೆ ಒಡೆಯೋ ಹಕ್ಕು ನನಗಿದೆ. ಇನ್ನೊಬ್ಬರ ಬಾಯಿಗೆ ಮಾತು ತುರುಕೋ ಹಕ್ಕಿಲ್ಲ.

ಹಾಗಂತ ತಯಾರಿಯೇ ಬೇಡ, ಬಂದದ್ದು ಬಂದಾಗ ನೋಡಿಕೊಳ್ಳೋಣ ಅನ್ನೋವರೂ ಇದ್ದಾರೆ. ನಮ್ಮ ಕಾಲದಲ್ಲಿ ಅದಕ್ಕೂ ಒಂದು ಚಂದದ ಹೆಸರಿದೆ, ಇಂಪ್ರೊವೈಸ್ ಮಾಡೋದು. ಲ್ಯಾಟಿನ್ನಿನಲ್ಲಿ ‘ಇಂಪ್ರೊವೀಸಸ್’ ಅಂದರೆ ಮುಂಗಾಣದ್ದು. ರಿಹರ್ಸಲ್‌ಗೆ ಇದು ವಿರುದ್ಧ ಅಂತ ಮೇಲ್ನೋಟಕ್ಕೆ ಕಾಣುತ್ತೆ. ಆದರೆ ನಾಟಕದ ದಿನ ಮಧ್ಯರಾತ್ರಿ ಕರೆಂಟು ಹೋಗಿ ಮೈಕು ಸತ್ತಾಗ ಪಾತ್ರ ಬಿಡದೆ ಎರಡು ಕಂದ ಜಾಸ್ತಿ ಹಾಡಿ ಜನರನ್ನು ಹಿಡಿದಿಡ್ತಿದ್ದವನು ಯಾರು? ಮೂರು ತಿಂಗಳು ಒಂದು ರಾತ್ರಿಯೂ ತಾಲೀಮು ತಪ್ಪಿಸದವನು. ತಾಲೀಮಿಗೆ ಬಾರದವನು ಕತ್ತಲಲ್ಲಿ ಸುಮ್ಮನೆ ನಿಲ್ತಿದ್ದ. ಮುಂಗಾಣದ್ದನ್ನು ಎದುರಿಸೋ ಶಕ್ತಿ ಬರೋದು ಹದವಾದ ನೆಲದಿಂದಲೇ.

ಅಜ್ಜಂಪುರದ ಹತ್ತಿರ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರ ಇದೆ. ಆ ದನಗಳ ಕಥೆ ಇಲ್ಲಿ ಉಪಯೋಗಕ್ಕೆ ಬರುತ್ತೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದರೆ 1672ರಿಂದ 1704ರ ನಡುವೆ, ಅರಮನೆಯ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಅಂತ ಹೆಸರಿತ್ತು. ಟಿಪ್ಪು ಅದನ್ನು ಅಮೃತ ಮಹಲ್ ಅಂತ ಕರೆದ. ಹೈದರಾಲಿ, ಟಿಪ್ಪು ಇಬ್ಬರೂ ಈ ಎತ್ತುಗಳಿಗೆ ಫಿರಂಗಿ ಎಳೆಸಿದರು, ದಂಡಿನ ಸಾಮಾನು ಹೊರಿಸಿದರು. ಚಿದಂಬರದ ಕಡೆಗೆ ಹೈದರಾಲಿಯ ದಂಡು ಎರಡೂವರೆ ದಿನದಲ್ಲಿ 100 ಮೈಲಿ ನಡೆದ ಕಥೆಯನ್ನು ಈ ಎತ್ತುಗಳ ಜೊತೆಗೇ ಹೇಳೋದು ರೂಢಿ. ಅವಕ್ಕೆ ಮೇಯಲು ರಾಜ್ಯದುದ್ದಕ್ಕೂ ಕಾವಲುಗಳು. ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು. ಅದೆಲ್ಲ ಯುದ್ಧಕ್ಕಾಗಿ ಮಾಡಿದ ತಯಾರಿ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮುಂದೆ ಫಿರಂಗಿಗೆ ಎತ್ತು ಕಟ್ಟೋ ಕಾಲವೇ ಹೋಯಿತು. ತಳಿ ಉಳಿಯಿತು, ಅದರ ಎತ್ತುಗಳು ರೈತರ ನೊಗಕ್ಕೆ ಬಂದವು. ಬೀರೂರಿನಲ್ಲಿ ಹರಾಜಿಗೆ ನಿಂತ ಹೋರಿಗಳನ್ನು ನೋಡೋಕೆ ಜನ ದೂರದಿಂದ ಬರ್ತಾರೆ. ತಯಾರಿ ಮಾಡಿದ್ದು ಯಾವುದಕ್ಕೋ, ಉಪಯೋಗಕ್ಕೆ ಬಂದದ್ದು ಇನ್ಯಾವುದಕ್ಕೋ. ಎತ್ತಿನ ಕಾಲಿಗೆ ಕಸುವು ಕೊಟ್ಟದ್ದರಿಂದ ಇದು ಸಾಧ್ಯವಾಯಿತು. ಒಂದು ಯುದ್ಧದ ನಕ್ಷೆ ಮಾತ್ರ ಬರೆದಿಟ್ಟಿದ್ದರೆ ಯುದ್ಧದ ಜೊತೆ ಅದೂ ಕಸವಾಗ್ತಿತ್ತು.

ಉಪಯೋಗಕ್ಕೇ ಬಾರದ ತಯಾರಿಯ ಕಥೆ ಏನು? ಕಡೂರಿನ ಹತ್ತಿರ ವೇದಾ, ಅವತಿ ಎರಡೂ ಸೇರಿ ವೇದಾವತಿ ಆಗುತ್ತೆ. ಅದು ಮುಂದೆ ಹೋಗಿ ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ವಾಣಿ ವಿಲಾಸ ಸಾಗರಕ್ಕೆ ಸೇರುತ್ತೆ. 1907ರಲ್ಲಿ ಮುಗಿದ ಆ ಅಣೆಕಟ್ಟು 1933ರಲ್ಲಿ ತುಂಬಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! 1933ರಲ್ಲಿ ಹುಟ್ಟಿದ ಮಗು ಮೊಮ್ಮಕ್ಕಳನ್ನು ಕಾಣೋವರೆಗೂ ಆ ಕೋಡಿಯ ಮೇಲೆ ನೀರು ಹರೀಲಿಲ್ಲ. ಈ ನಡುವೆ ಯಾರಾದರೂ ಒಬ್ಬ ಜಾಣ ಇಂಜಿನಿಯರ್ ಈ ಕೋಡಿ ದಂಡ, ಮುಚ್ಚಿ ಕಟ್ಟೆ ಎತ್ತರಿಸಿ ಅಂದಿದ್ದರೆ? 2022ರ ಮಳೆಯಲ್ಲಿ ನೀರು ಹೋಗೋ ದಾರಿ ಇಲ್ಲದೆ ಏನಾಗ್ತಿತ್ತೋ ಊಹಿಸಿ. ಕೋಡಿಯ ಕೆಲಸ ಹರಿಯೋದು ಮಾತ್ರ ಅಲ್ಲ, ಇರೋದು. ಅದು ಇದ್ದದ್ದರಿಂದಲೇ ಆ 89 ವರ್ಷ ಕೆಳಗಿನ ಊರುಗಳು ನಿದ್ದೆ ಮಾಡಿದವು. ತಯಾರಿ ಬಳಕೆಗೆ ಬರಲಿಲ್ಲ ಅಂದ ಮಾತ್ರಕ್ಕೆ ವ್ಯರ್ಥ ಆಗಲ್ಲ.

ಇನ್ನು ಹೆರ್ಸ್‌ನ ಎರಡನೇ ಮಗು. ಮಧ್ಯಯುಗದ ಯುರೋಪಿನ ಚರ್ಚುಗಳಲ್ಲಿ ಶವಪೆಟ್ಟಿಗೆಯ ಮೇಲೆ ಮೇಣದ ಬತ್ತಿಗಳನ್ನು ಸಾಲಾಗಿ ಸಿಕ್ಕಿಸೋ ಚೌಕಟ್ಟು ಇರ್ತಿತ್ತು. ಮೊನೆ ಮೊನೆಯಾಗಿ ಎದ್ದ ಅದರ ಕಡ್ಡಿಗಳು ಥೇಟ್ ಕುಂಟೆಯ ಹಲ್ಲಿನ ಹಾಗೆ. ಅದಕ್ಕೂ ಹೆರ್ಸ್ ಅಂತಲೇ ಹೆಸರಾಯಿತು. ಕಾಲ ಕಳೆದ ಹಾಗೆ ಆ ಹೆಸರು ಚೌಕಟ್ಟಿನಿಂದ ಇಳಿದು ಶವ ಸಾಗಿಸೋ ಗಾಡಿಗೆ ಬಂತು. ಇವತ್ತು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನಮ್ಮ ಪಕ್ಕ ನಿಲ್ಲೋ ಹರ್ಸ್ ವ್ಯಾನು ಮತ್ತು ಆಫೀಸಿನ ರಿಹರ್ಸಲ್ಲು ಒಂದೇ ಹೊಲದಿಂದ ಬಂದ ಅಣ್ಣತಮ್ಮಂದಿರು.

ಇದನ್ನು ಓದಿ ಮೈ ಜುಮ್ಮೆಂದದ್ದು ನಿಜ. ಯಾಕೆಂದರೆ ಊರು ಬಿಟ್ಟು ಬಂದ ನಮ್ಮಂಥವರು ಅತಿ ಹೆಚ್ಚು ಸಲ ಗುಟ್ಟಾಗಿ ರಿಹರ್ಸಲ್ ಮಾಡೋದು ಅದನ್ನೇ. ಬೆಳಗಿನ ಜಾವ ಐದಕ್ಕೆ ಬರೋ ಫೋನು. ಊರಿಂದ ಹೊತ್ತಲ್ಲದ ಹೊತ್ತಿಗೆ ಕಾಲ್ ಬಂದರೆ ಎತ್ತೋ ಮೊದಲೇ ಎದೆ ಹೊಡೆದುಕೊಳ್ಳುತ್ತೆ. ಯಾವ ರೈಲು ಎಷ್ಟು ಹೊತ್ತಿಗೆ, ಕಾರಾದರೆ ಅರಸೀಕೆರೆ ದಾಟೋದು ಎಷ್ಟೊತ್ತಿಗೆ, ತಂಗಿಗೆ ಹೇಳೋದು ಹೇಗೆ, ಅಮ್ಮನನ್ನು ಹಿಡಿದುಕೊಳ್ಳೋದು ಹೇಗೆ. ಎಲ್ಲ ದೃಶ್ಯ ಸಿದ್ಧ. ಇದನ್ನು ಯಾರ ಹತ್ತಿರವೂ ಹೇಳಲ್ಲ. ಹೇಳಿದರೆ ‘ಬಿಡ್ತು ಅನ್ನು’ ಅಂತಾರೆ. ಪ್ರೀತಿಸೋವರ ಸಾವನ್ನು ಮುಂಚಿತವಾಗಿ ಕಲ್ಪಿಸಿಕೊಳ್ಳೋದು ದ್ರೋಹವೋ, ತಯಾರಿಯೋ?

ರೋಮಿನ ಸೆನೆಕಾ ಇದನ್ನು ತಯಾರಿ ಅಂದ. ಗಡಿಪಾರು, ಬಡತನ, ಸಾವು ಎಲ್ಲವನ್ನೂ ಮುಂಚೆಯೇ ಮನಸ್ಸಿನಲ್ಲಿ ಎದುರಿಸು, ಆಗ ಅವು ಬಂದಾಗ ಹೊಸದಾಗಿ ಏಟು ಹಾಕಲ್ಲ ಅನ್ನೋದು ಅವನೂ ಸ್ಟೋಯಿಕ್ ಪಂಥದವರೂ ಹೇಳಿಕೊಟ್ಟ ಅಭ್ಯಾಸ. ‘ಬಿಡ್ತು ಅನ್ನು’ ಅನ್ನೋ ನಮ್ಮ ಅಮ್ಮಂದಿರು ಇದಕ್ಕೆ ನೇರ ವಿರುದ್ಧ. ಇಬ್ಬರಲ್ಲೂ ಸತ್ಯ ಇದೆ. ಸೆನೆಕಾ ಹೇಳಿದ್ದು ನೆಲವನ್ನು ಹದ ಮಾಡೋ ಮಾತು. ಅಮ್ಮಂದಿರು ಹೆದರೋದು ಮತ್ತೊಂದಕ್ಕೆ: ಒಂದೇ ಸಂಕಟವನ್ನು ತಿರುಗಿಸಿ ಮುರುಗಿಸಿ ಯೋಚಿಸ್ತಾ ಕೂರೋದಕ್ಕೆ. ಮನಶ್ಶಾಸ್ತ್ರದವರು ಅದಕ್ಕೆ ರುಮಿನೇಷನ್ ಅಂತಾರೆ. ಅದೂ ದನದ ಪದವೇ, ಮೆಲುಕು ಹಾಕೋದು. ಕುಂಟೆ ಎಳೆಯೋ ಎತ್ತೂ ಅದೇ, ಮಲಗಿ ಮೆಲುಕು ಹಾಕೋ ಎತ್ತೂ ಅದೇ. ಆದರೆ ಮೆಲುಕಿನಿಂದ ಹೊಲದ ಒಂದು ಹೆಂಟೆಯೂ ಒಡೆಯಲ್ಲ.

ತರೀಕೆರೆ ಕಡೆಯ ಗೆಳೆಯನೊಬ್ಬ ಅಪ್ಪನನ್ನು ಕಳೆದುಕೊಂಡ ಮೇಲೆ ಹೇಳಿದ ಮಾತು ನೆನಪಿದೆ. ‘ಆ ಫೋನನ್ನ ನಾನು ನೂರು ಸಲ ಮನಸ್ಸಲ್ಲಿ ಎತ್ತಿದ್ದೆ ಕಣೋ. ನಿಜವಾಗಿ ಬಂದಾಗ ಅದು ಹಾಗಿರಲೇ ಇಲ್ಲ. ಆದರೆ ಅಪ್ಪನ ಎಲ್‌ಐಸಿ ಬಾಂಡ್ ಎಲ್ಲಿದೆ ಅಂತ ಒಂದು ಸಲಾನೂ ಕೇಳಿರಲಿಲ್ಲ’ ಅಂದ. ಫೋನಿನ ಲಾಕು ಗೊತ್ತಿಲ್ಲ, ಸೊಸೈಟಿ ಸಾಲ ಎಷ್ಟು ಗೊತ್ತಿಲ್ಲ, ಪೌತಿ ಖಾತೆಗೆ ಯಾವ ಕಾಗದ ಬೇಕು ಗೊತ್ತಿಲ್ಲ. ಕೊನೆಗೆ ಅಪ್ಪನಿಗೆ ಏನು ಇಷ್ಟ ಇತ್ತು, ಐಸಿಯುನಲ್ಲಿ ಇನ್ನೆರಡು ದಿನವೋ ಮನೆಯ ಪಡಸಾಲೆಯೋ, ಅದೂ ಗೊತ್ತಿಲ್ಲ. ತಯಾರಿ ಅಂತ ಅವನು ಮಾಡಿಕೊಂಡದ್ದೆಲ್ಲ ಮಳೆಯ ಚಿತ್ರ. ನೆಲಕ್ಕೆ ಯಾರೂ ಕೈ ಹಾಕಿರಲಿಲ್ಲ. ಅವನನ್ನು ದೂರೋಕಾಗಲ್ಲ. ಆ ಮಾತು ಎತ್ತೋಕೆ ನಮ್ಮ ಮನೆಗಳು ಬಿಡಲ್ಲ.

ಆದರೆ ಎಲ್ಲ ಕಾಲದಲ್ಲೂ ಬಿಟ್ಟಿರಲಿಲ್ಲ ಅಂತಲ್ಲ. ನಮ್ಮಜ್ಜಿಯ ಟ್ರಂಕಿನ ತಳದಲ್ಲಿ ಉಡದೆ ಇಟ್ಟ ಒಂದು ಸೀರೆ, ಅದರ ಮೂಲೆಗೆ ಗಂಟು ಹಾಕಿದ ದುಡ್ಡು ಇತ್ತು. ಏನಜ್ಜಿ ಇದು ಅಂದರೆ ‘ನನ್ನ ಮಣ್ಣಿನ ಖರ್ಚಿಗೆ ಕಣಪ್ಪ, ನಿಮಗ್ಯಾಕೆ ಹೊರೆ’ ಅಂತ ನಗ್ತಿದ್ದಳು. ಆ ಗಂಟು ಕಟ್ಟಿಟ್ಟ ಮೇಲೆ ಸುಮಾರು ಹದಿನೈದು ವರ್ಷ ಬದುಕಿದಳು, ಸಂತೆಗೆ ಹೋದಳು, ಜಗಳ ಆಡಿದಳು, ಜಾತ್ರೆಯಲ್ಲಿ ಮಂಡಕ್ಕಿ ತಿಂದಳು. ಸಾವಿನ ಬಗ್ಗೆ ಕೂತು ಯೋಚಿಸಿದ್ದನ್ನು ನಾನು ಕಾಣೆ. ಒಂದು ಸಲ ಕುಂಟೆ ಹೊಡೆದು ಎದ್ದು ಬಂದಿದ್ದಳು, ಅಷ್ಟೆ.

ಕಳೆದ ಸಲ ಊರಿಗೆ ಹೋದಾಗ ಅಪ್ಪನ ಹತ್ತಿರ ಈ ಮಾತು ತೆಗೆದೆ. ನಾಮಿನಿ ಹೆಸರು, ಪಹಣಿ, ಬೋರ್‌ವೆಲ್ಲಿನ ಕಾಗದ ಅಂತ ಶುರು ಮಾಡುವಷ್ಟರಲ್ಲಿ ಅಮ್ಮ ಅಡುಗೆಮನೆಯಿಂದಲೇ ‘ಬಿಡ್ತು ಅನ್ನು, ಹೊತ್ತು ಮುಳುಗೋ ಹೊತ್ತಲ್ಲಿ ಇದೆಂಥ ಮಾತು’ ಅಂದಳು. ಅಪ್ಪ ಮಾತ್ರ ಎಲೆಗೆ ಸುಣ್ಣ ಸವರ್ತಾ ಒಂದೊಂದಾಗಿ ಹೇಳಿದರು, ಮಳೆ ಬೆಳೆ ವಿಷಯ ಹೇಳಿದ ಹಾಗೆ. ಕೊನೆಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿಮ್ಮ ಚಿಕ್ಕಪ್ಪನ ಬದುವಿನ ವಿಷಯ ಒಂದು ಉಳೀತು. ಅದಕ್ಕೆ ನೀನು ಬಾಯಿ ಹಾಕಬೇಡ. ನಾನೇ ಹೋಗಿ ಮಾತಾಡ್ತೀನಿ’ ಅಂದರು. ಒಂದು ಬದುವಿನ ಜಾಗಕ್ಕೆ ಅಣ್ಣತಮ್ಮ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದರು. ನನ್ನ ಪಟ್ಟಿಯಲ್ಲಿ ಇದ್ದದ್ದು ಕಾಗದಗಳು. ಅವರ ಹೊಲದಲ್ಲಿ ಒಡೆಯದೆ ಉಳಿದ ದೊಡ್ಡ ಹೆಂಟೆ ಯಾವುದು ಅಂತ ಅವರಿಗೆ ಗೊತ್ತಿತ್ತು.

ಚಿಕ್ಕಪ್ಪ ಏನಂತಾರೋ ಅದು ಚಿಕ್ಕಪ್ಪನಿಗೆ ಬಿಟ್ಟದ್ದು. ಅಪ್ಪ ಅವರ ಮಾತನ್ನು ಮೊದಲೇ ಬರೆದಿಟ್ಟುಕೊಂಡು ಹೋಗ್ತಾರೆ ಅಂತ ನನಗನ್ನಿಸಲ್ಲ.

ಒಂದು ಆಕ್ಷೇಪ ಬರಬಹುದು. ಎಷ್ಟು ಹದ ಮಾಡಿದರೇನು, ಮಳೆಯೇ ಬರದಿದ್ದರೆ? 2023ರಲ್ಲಿ ಹಾಗೇ ಆಯಿತಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಕುಂಟೆ ಹೊಡೆದವನೂ ಹೊಡೆಯದವನೂ ಒಂದೇ ಆಕಾಶ ನೋಡಿದರು. ಇದಕ್ಕೆ ನನ್ನ ಹತ್ತಿರ ಸಿಹಿ ಉತ್ತರ ಇಲ್ಲ. ತಯಾರಿ ಮಾಡಿದವರಿಗೆ ಫಲ ಸಿಕ್ಕೇ ಸಿಗುತ್ತೆ ಅನ್ನೋದು ಮೋಟಿವೇಷನ್ ಭಾಷಣದವರು ಮಾರೋ ಸರಕು, ನಮ್ಮ ಸೀಮೆಯ ರೈತ ಅದನ್ನು ಕೊಳ್ಳಲ್ಲ. ಆದರೆ ಅವನು 2024ರಲ್ಲಿ ಮತ್ತೆ ಕುಂಟೆ ಹೂಡಿದ. ಮಳೆ ಬರುತ್ತೆ ಅಂತ ಯಾರೂ ಭರವಸೆ ಕೊಟ್ಟಿರಲಿಲ್ಲ. ಬಂದರೆ ಅದು ಕಲ್ಲಿನ ಮೇಲೆ ಬಿದ್ದು ಹರಿದು ಹೋಗಬಾರದು, ಅಷ್ಟು ಮಾತ್ರ ಅವನ ಕೈಯಲ್ಲಿತ್ತು. ಆ ‘ಅಷ್ಟು ಮಾತ್ರ’ಕ್ಕೆ ಇರೋ ಬೆಲೆ ದೊಡ್ಡದು. ಬರಬಹುದಾದ ಒಳ್ಳೆಯದು ಬಂದಾಗ ಅದನ್ನು ಹಿಡಿದುಕೊಳ್ಳೋಕೆ ನಾವು ಇರಬೇಕಾದ ಸ್ಥಿತಿಯಲ್ಲಿ ಇರೋದು ನಾವು ಮುಂದಿನ ದಿನಕ್ಕೂ ಜೊತೆಯವರಿಗೂ ಕೊಡಬೇಕಾದ ಬಾಕಿ.

ಮುಂದಿನ ವಾರ ನಿಮಗೊಂದು ಮೀಟಿಂಗ್ ಇರಬಹುದು, ಒಂದು ಕಷ್ಟದ ಮಾತುಕತೆ ಇರಬಹುದು, ಊರಿಗೆ ಹೋಗೋದು ಇರಬಹುದು. ರಿಹರ್ಸಲ್ ಖಂಡಿತ ಮಾಡಿ. ನಿಮ್ಮ ಅಂಕಿ ಅಂಶ ನೋಡಿಕೊಳ್ಳಿ, ನಿಮ್ಮ ಸಿಟ್ಟು ಎಲ್ಲಿ ಗಟ್ಟಿಯಾಗಿದೆ ಅಂತ ನೋಡಿಕೊಂಡು ಅಲ್ಲಿ ಎರಡು ಸಲ ಕುಂಟೆ ಹೊಡೆಯಿರಿ. ಅವರು ಏನು ಹೇಳಬೇಕು ಅನ್ನೋ ಜಾಗವನ್ನು ಖಾಲಿ ಬಿಡಿ. ಊರಿಗೆ ಹೋದರೆ ಹೊತ್ತು ಮುಳುಗೋ ಮೊದಲೇ ಮಾತು ತೆಗೆಯಿರಿ. ಅಮ್ಮಂದಿರ ಮಾತಿಗೂ ಬೆಲೆ ಕೊಡಬೇಕಲ್ಲ.